ತಿರುಗಿ ಕೂತ ಅಕ್ಷರ

ಬ್ರಿಡ್ಜ್‌ಟೌನಿನ ಬಂದರಿಗೆ ಬೆನ್ನು ಹಾಕಿದ ಓಣಿಯಲ್ಲಿ
ಯೂಲಾಲಿಯ ಮನೆ. ಮನೆಯೆಂದರೆ ಒಂದು ಮೇಜು,
ಮೇಜಿನ ಸುತ್ತ ಉಳಿದಷ್ಟು ಜಾಗ.

ಬೆಳಗಿನ ಜಾವ ಹುಡುಗರು ಚೀಲ ಹೊತ್ತು ಬರುತ್ತಾರೆ:
ಅಕ್ಕಿನುಚ್ಚಿನಷ್ಟು ಬಿಳಿಯವು,
ಎಳೆಮಗುವಿನ ಕಾಲುಗುರಿನಂಥ ನಸುಗೆಂಪಿನವು,
ಒಳಗಿನ್ನೂ ಜೀವ ಮಿಸುಕುವವು.
ಅವನ್ನಷ್ಟೇ ಆರಿಸಿ, ಬೈದು, ವಾಪಸು ಕಳಿಸುತ್ತಾಳೆ:
"ಮನೆ ಖಾಲಿಯಾಗಲಿ, ಆಮೇಲೆ ತಾ.
ಇದ್ದವರನ್ನು ಒಕ್ಕಲೆಬ್ಬಿಸುವ ಕೆಲಸ ನನ್ನದಲ್ಲ."

ಉಪ್ಪಿಳಿಯಲು ಎರಡು ನೀರು, ನಾತ ಹೋಗಲು ಮೂರು ಬಿಸಿಲು.
ಆಮೇಲೆ ಜರಡಿ.
ಕೆಳಗೆ ಬಿದ್ದದ್ದು ಮೇಜಿಗೆ,
ಮೇಲುಳಿದ ಒರಟು ಕಂದು ಚಿಪ್ಪು ಕೋಳಿಗೂಡಿಗೆ.

ಎಂಟು ಮೂಲೆಯ ಮರದ ಪೆಟ್ಟಿಗೆ. ತಳಕ್ಕೆ ಹತ್ತಿ,
ಹತ್ತಿಯ ಮೇಲೆ ಕಾಗದ, ಕಾಗದದ ಮೇಲೆ ಅಂಟು,
ಅಂಟಿನ ಮೇಲೆ ಗರಿಯ ತುದಿಯಿಂದ ಎತ್ತಿ
ಒಂದೊಂದೇ, ಒಂದೊಂದೇ, ಉಸಿರು ಬಿಗಿಹಿಡಿದು.
ಸೀನಿದರೆ ಒಂದು ದಿನದ ಕೂಲಿ ನೆಲದ ಪಾಲು.

ನಡುವೆ ಗುಲಾಬಿ.
ಯೂಲಾಲಿ ಗುಲಾಬಿ ಕಂಡವಳಲ್ಲ.
ಧಣಿಯ ಮನೆಯ ಪಿಂಗಾಣಿ ಬಸಿಯ ಮೇಲಿತ್ತೊಂದು,
ತೊಳೆದೂ ತೊಳೆದೂ ಬೆರಳಿಗೆ ಬಾಯಿಪಾಠವಾದದ್ದು.
ಬಸಿ ಒಡೆಯಿತು. ಧಣಿಗಳ ಕಾಲವೂ ಒಡೆಯಿತು.
ಹೂವು ಮಾತ್ರ ಇವಳ ಜೊತೆ ಬಂತು.

ತಿಮಿಂಗಿಲದ ಹಡಗಿನವನು, ಅಬ್ನರ್ ಅಂತ,
ಕವಡೆಗೂ ಚೌಕಾಸಿ ಮಾಡಿದ, ಕಾಸಿಗೂ ಮಾಡಿದ.
ಕೊನೆಗೆ ಒಂದು ಚೀಟಿ ಕೊಟ್ಟ:
"ಹೆಂಡತಿಯ ಹೆಸರು. ಪಾದ್ರಿ ಬರೆದುಕೊಟ್ಟದ್ದು.
ಹೂವಿನ ಕೆಳಗೆ ಕೂರಿಸು."

ನಾಲ್ಕೇ ಅಕ್ಷರ. ಮೊದಲನೆಯದು ಕುರ್ಚಿ,
ಎರಡನೆಯದು ಬಾವಿ, ಮೂರನೆಯದು ಗೂಟ.
ಕೊನೆಯದು ಹಾವು. ಆದರೆ ಹಡಗಿನವನ ಬೆವರಿಗೆ
ಹಾವು ಕರಗಿ ಬರೀ ಕಲೆಯಾಗಿತ್ತು.
ಹಾವು ಯಾವ ಕಡೆ ನೋಡಿದರೇನು, ಹಾವೇ ತಾನೆ,
ಅಂದುಕೊಂಡು ಕೂರಿಸಿದಳು.
ಬಲಕ್ಕೆ ನೋಡಬೇಕಾದದ್ದು ಎಡಕ್ಕೆ ನೋಡಿತು.
ಅವಳಿಗೆ ಓದು ಬಾರದು. ಅವನಿಗೂ ಬಾರದು.
"ಚೆನ್ನಾಗಿದೆ" ಅಂದ. "ಗೊತ್ತು" ಅಂದಳು.

ಗಾಜು ಮುಚ್ಚುವ ಮುನ್ನ, ಅವನು ಹೊರಗೆ ಹೊಗೆ ಸೇದುವಾಗ,
ಕೋಳಿಪಾಲಿನ ಒಂದು ಕಂದು ಚಿಪ್ಪನ್ನು
ಗುಲಾಬಿಯ ಕೆಳಗೆ ತುರುಕಿದಳು.
ಪ್ರತಿ ಪೆಟ್ಟಿಗೆಗೂ ಒಂದು. ಯಾಕೆಂದು ಯಾರೂ ಕೇಳಿಲ್ಲ.

*

ಉತ್ತರದಲ್ಲೊಂದು ಊರು. ಜಗಲಿಯ ತನಕ ಹಿಮ.
ಲೋಯಿಸ್ ಮುಚ್ಚಳ ತೆರೆದಳು,
ಶಾಲೆ ಕಲಿತ ಕಣ್ಣಿನಿಂದ ತನ್ನ ಹೆಸರು ಓದಿದಳು,
ಕೊನೆಗೆ ಬಂದು ನಿಂತಳು.

"ನೀನೇ ಮಾಡಿದೆಯಾ?"

ಮೂರು ವರ್ಷದ ಕಡಲು ಅವನ ಗಂಟಲಲ್ಲಿ ಒಮ್ಮೆ ಏರಿ ಇಳಿಯಿತು.
"ಹ್ಞೂಂ. ಗಾಳಿ ಬೀಸದ ದಿನಗಳಲ್ಲಿ."

ಶಂಖದಿಂದ ಬಂದರೇ ತೀರ್ಥ ಅನ್ನುತ್ತೇವಲ್ಲ,
ಹಾಗೆ ಅವಳಿಗೂ ಬೇಕಿತ್ತು, ಆ ಕೈಯಿಂದಲೇ.
ತಪ್ಪೇ ಸಾಕ್ಷಿ ಹೇಳಿತು:
ಕೊಂಡು ತಂದದ್ದಾದರೆ ಸರಿಯಾಗಿರುತ್ತಿತ್ತು!
ತಿರುಗಿ ಕೂತ ಆ ಅಕ್ಷರದ ಮೇಲೆ, ಗಾಜಿನ ಮೇಲೆಯೇ,
ತುಟಿ ಒತ್ತಿದಳು. ಗಾಜು ಮಂಜಾಯಿತು.
ಅಬ್ನರ್ ಒಲೆಗೆ ಸೌದೆ ತರಲು ಎದ್ದ. ಸೌದೆ ಒಳಗೇ ಇತ್ತು.

ಅವನು ಹೋದ ಎಷ್ಟೋ ವರ್ಷದ ಮೇಲೆ
ಧೂಳು ಒರೆಸುವಾಗ ಏನೋ ಗಲಗಲ ಎಂದಿತು.
ಗಾಜು ಎತ್ತಿದಳು. ಒಂದು ಚಿಪ್ಪು, ಕಂದು, ಒರಟು.
ಎಲ್ಲಿಂದ ಉದುರಿತೆಂದು ಕನ್ನಡಕ ಏರಿಸಿ
ಎಂಟೂ ಮೂಲೆ ಹುಡುಕಿದಳು.
ಖಾಲಿ ಜಾಗವೇ ಇರಲಿಲ್ಲ.

ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಳು.
ಅಂಗಿಗೊಂದು ಗುಂಡಿ ಬೇಕಾದಾಗ
ಮೊದಲು ಅದೇ ಕೈಗೆ ಬರುತ್ತದೆ.
ತೂತಿಲ್ಲ.
ಮತ್ತೆ ಡಬ್ಬಿಗೆ ಹಾಕುತ್ತಾಳೆ.